ಕೊನೆಯ ಸಂಪರ್ಕ

“ಯಾರೂ ಇಲ್ಲ,” ಎಂದಳು ಹಾಸಿಗೆಯಲ್ಲಿದ್ದ ಹೆಂಗಸು.

ಗಾಜಿನಾಚೆ ನಿಂತಿದ್ದ ತರಬೇತಿ ಮೇಡಂ ಹಣೆ ಚಚ್ಚಿಕೊಂಡಳು. ಹೇಳಿಕೊಟ್ಟಿದ್ದು ಇದಲ್ಲ. ಮನೆಯಲ್ಲಿ ಯಾರಿದ್ದಾರೆಂದು ನರ್ಸ್ ಕೇಳಿದರೆ ಗಂಡ, ಇಬ್ಬರು ಗಂಡುಮಕ್ಕಳು, ಒಬ್ಬ ಸೊಸೆ ಎನ್ನಬೇಕು. ಬೆಳಗಿನಿಂದ ಬಂದ ನರ್ಸುಗಳಿಗೆಲ್ಲ ಗಿಣಿಪಾಠ ಒಪ್ಪಿಸಿದವಳಿಗೆ ಈಗೇನು ಬಂತು?

ಜ್ವರ ಸುಳ್ಳು, ಕೆಮ್ಮು ಸುಳ್ಳು. ಇನ್ನೂ ಹೆಸರಿಡದ ಯಾವುದೋ ಸೋಂಕು ನಾಳೆ ಬಾಗಿಲು ತಟ್ಟಿದರೆ ನರ್ಸುಗಳು ಕೈಕಾಲು ಬಿಡಬಾರದೆಂದು ನಡೆಸುವ ಪರೀಕ್ಷೆ ಇದು. ಸುಳ್ಳು ರೋಗಿಯಾಗಲು ಯಾರೂ ಸುಲಭಕ್ಕೆ ಒಪ್ಪುವುದಿಲ್ಲ. ಈ ಹೆಂಗಸು ಮಾತ್ರ ತಾನಾಗಿಯೇ ಬಂದಿದ್ದಳು.

“ನಟನೆ ಗೊತ್ತೇನಮ್ಮಾ?” ಎಂದು ಮೇಡಂ ಕೇಳಿದ್ದಳು.

“ಒಬ್ಳೇ ಆರಾಮಾಗಿದ್ದೀನಿ ಅಂತ ಬೀದಿಯವರ ಮುಂದೆಲ್ಲ ದಿನಾ ನಟಿಸ್ತೀನಲ್ಲ. ನರ್ಸುಗಳು ಮುಟ್ಟಿ ನೋಡ್ತಾರಾ?”

“ನಾಡಿ ನೋಡೋಕೆ ಮುಟ್ಟಲೇಬೇಕು.”

“ಹಾಗಾದ್ರೆ ಬರ್ತೀನಿ.”

ಬಂದವಳು, ಮೈಯೆಲ್ಲ ಮುಚ್ಚುವ ಸೂಟು ತೊಟ್ಟ ಪ್ರತಿಯೊಬ್ಬ ನರ್ಸಿನ ರಕ್ಷಣಾ ಕನ್ನಡಕದೊಳಗೆ ಇಣುಕಿ, ನಿಟ್ಟುಸಿರು ಬಿಟ್ಟು, ಆಮೇಲೆ ಪಾಠ ಒಪ್ಪಿಸುತ್ತಿದ್ದಳು. ಪಾಪ, ಮನುಷ್ಯರ ಮುಖ ಕಂಡರೇ ಸಾಕು ಎನ್ನುವಂತಾಗಿದೆ ಎಂದುಕೊಂಡಿದ್ದಳು ಮೇಡಂ.

ಈಗ ಬಿಳಿ ಸೂಟಿನೊಳಗಿದ್ದವಳು ಮೌನಗೌರಿ. ವಾರ್ಡಿನವರು ಇಟ್ಟ ಹೆಸರು. ಕೈ ಚುರುಕು, ಬಾಯಿಗೆ ಬೀಗ. ರಜೆ ಬಂದು ಉಳಿದವರು ಊರಿಗೆ ಹೊರಟರೆ ಅವರ ಡ್ಯೂಟಿಯನ್ನೂ ತಾನೇ ಮಾಡುವವಳು. ಹೋದ ಸಲದ ಪರೀಕ್ಷೆಯಲ್ಲಿ, ರೋಗಿ ಯಾರ ಸಂಪರ್ಕದಲ್ಲಿದ್ದ ಎಂದು ಬಾಯಿ ಬಿಡಿಸಲಾಗದೆ ಫೇಲಾಗಿದ್ದಳು. ಇವತ್ತೂ ಒಬ್ಬರ ಸುಳಿವಾದರೂ ಸಿಗದಿದ್ದರೆ ಸೋಂಕಿನ ವಾರ್ಡಿನ ಕೆಲಸ ಅವಳ ಪಾಲಿಗಿಲ್ಲ. ಅವಳಿಗೆ ಬೇಕಿದ್ದದ್ದು ಅದೊಂದೇ. “ಅಲ್ಲಿ ರೋಗೀನ ನೋಡೋಕೆ ಯಾರೂ ಬರೋ ಹಾಗಿಲ್ಲ. ಒಂಟಿ ಇದ್ದು ಅಭ್ಯಾಸ ಇರೋರು ಅಲ್ಲಿರ್ಬೇಕು,” ಎಂದು ಒಮ್ಮೆ ಹೇಳಿದ್ದಳು. ಅವಳ ಮಟ್ಟಿಗೆ ಅದು ಭಾಷಣವೇ.

ಆರಂಭವೇ ಸರಿಯಿರಲಿಲ್ಲ. ಟ್ರೇ ಹಿಡಿದು ಸುಮ್ಮನೆ ನಿಂತಿದ್ದಳು. ಹೆಸರು ಕೇಳಲಿಲ್ಲ, ವಿಳಾಸ ಕೇಳಲಿಲ್ಲ. ಮೇಡಂ ಅಂಕ ಕಳೆದಿದ್ದಳು.

“ಯಾರಾದ್ರೂ ಇರ್ಬೇಕಲ್ಲ,” ಎಂದಳು ನರ್ಸ್, ನಾಡಿಯ ಮೇಲೆ ಬೆರಳಿಟ್ಟು.

“ಒಬ್ಳು ಮಗಳಿದ್ದಾಳೆ. ಸಂಪರ್ಕ ಇಲ್ಲ.”

“ಯಾಕೆ?”

ಈ ಪ್ರಶ್ನೆ ಪಾಠದಲ್ಲಿರಲಿಲ್ಲ. ಮೇಡಂ ಮೈಕಿಗೆ ಕೈಹಾಕಿದವಳು ಹಾಗೇ ನಿಂತಳು. ಮೌನಗೌರಿ ಬಾಯಿ ಬಿಡುತ್ತಿದ್ದಾಳೆ, ತಡೆದರೆ ಪಾಪ ಬಂದೀತು.

“ಅವಳು ಹಿಡಿದ ಕೆಲಸ ಕಂಡ್ರೆ ನಂಗೆ ಭಯ. ಅವಳಿಗೇನಾದ್ರೂ ಆದ್ರೆ ಅಂತ ಹೆದರಿ ಜಗಳ ಆಡ್ದೆ. ಹೊಸಿಲು ದಾಟಿದ್ರೆ ಮತ್ತೆ ಬರ್ಬೇಡ ಅಂದ್ಬಿಟ್ಟೆ. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಚಿಕ್ಕವಳಿದ್ದಾಗ ಒಂದು ಮಾತೂ ಕೇಳದೋಳು, ಅದೊಂದನ್ನ ಮಾತ್ರ ಕೇಳಿದ್ಲು.”

ಹೆಂಗಸಿನ ಮಾಸ್ಕಿನ ಅಂಚು ಒದ್ದೆಯಾಗಿತ್ತು. ನಾಟಕದವರೂ ಇಷ್ಟು ಚೆನ್ನಾಗಿ ಅಳಲಾರರು ಎಂದುಕೊಂಡಳು ಮೇಡಂ. ನರ್ಸಿನ ಕನ್ನಡಕಕ್ಕೂ ಒಳಗಿನಿಂದ ಮಂಜು ಕವಿದಿತ್ತು. ಆ ಸೂಟಿನ ಸೆಕೆಗೆ ಎಲ್ಲರದೂ ಹಾಗೇ ಆಗುತ್ತದೆ.

ನಾಡಿ ನೋಡಿಯಾದ ಮೇಲೆ ದೂರ ಸರಿಯಬೇಕೆಂಬುದು ನಿಯಮ. ಅವಳು ಸರಿಯಲಿಲ್ಲ. ಮೇಡಂ ಇನ್ನೊಂದು ಅಂಕ ಕಳೆದಳು. ಇನ್ನು ಒಂದೇ ಪ್ರಶ್ನೆ ಬಾಕಿ. ಉತ್ತರ ಸಿಕ್ಕರೆ ಪಾಸು.

“ಮಗಳ ಜೊತೆ ಕೊನೇ ಸಂಪರ್ಕ ಯಾವಾಗ?” ಎಂದಳು ನರ್ಸ್.

“ಇದೀಗ,” ಎಂದಳು ತಾಯಿ, ಗವಸಿನ ಮೇಲಿಂದಲೇ ಮಗಳ ಕೈಯನ್ನು ಗಟ್ಟಿಯಾಗಿ ಹಿಡಿದು.