ರಕ್ತದ ಜರಡಿ

ಮುದುಕನಿಗೆ ನೆನಪು ಹೋಗಿದೆ ಅಂತ ವಾಟ್ಸಾಪ್ ಗ್ರೂಪಿನಲ್ಲಿ ನಗುವ ಮುಖ ಹಾಕಿದ್ದೀರಲ್ಲ, ನಾಚಿಕೆಯಾಗಬೇಕು ನಿಮಗೆ. ನಿನ್ನೆ ಏನು ಉಂಡೆ ಎಂಬುದು ಮರೆತಿರಬಹುದು. ಎರಡು ಸಾವಿರದ ಏಳರ ಜನವರಿ ಮರೆತಿಲ್ಲ. ಸಂಕ್ರಾಂತಿ ಮುಗಿದ ವಾರ. ಹುಮನಾಬಾದಿನಲ್ಲಿ ರೈತರ ಕಾಳು ಮಾರಿಸಿಕೊಡುವ ನನ್ನ ಅಡತಿ ಅಂಗಡಿಯ ಹಿಂದಿನ ಅಂಗಳ, ಹೊಸ ತೊಗರಿಯ ರಾಶಿ. ಕೆಳಗಿಳಿಯಲು ಮನಸ್ಸಿಲ್ಲವೆಂಬಂತೆ ಹೊಟ್ಟು ಬಿಸಿಲಿನಲ್ಲಿ ತೇಲುತ್ತಲೇ ಇತ್ತು. ಈ ವಾಯ್ಸ್ ಮುಗಿಯುವವರೆಗೆ ನಡುವೆ ಬಾಯಿ ಹಾಕದೆ ಕೇಳಿ.

ಹತ್ತಿರದ ಹಳ್ಳಿ ದುಬಲಗುಂಡಿಯ ಗಯಾಬಾಯಿ ಜರಡಿ ಹಿಡಿದು ಕಾಳು ಹಸನು ಮಾಡುತ್ತಿದ್ದಳು. ಅವಳ ಮಕ್ಕಳು ಸಂಗಪ್ಪ, ಸಂಜುಕುಮಾರ ಚೀಲ ಇಳಿಸಿ ಬೆವರು ಒರೆಸಿಕೊಳ್ಳುತ್ತಿದ್ದರು. ಕಾಲೇಜಿನಿಂದ ರಜೆಗೆ ಬಂದಿದ್ದ ನನ್ನ ಮೊಮ್ಮಗಳು ಸ್ನೇಹಲ್ ಕಟ್ಟೆಯ ಮೇಲೆ ಸೂಕ್ಷ್ಮದರ್ಶಕ ಇಟ್ಟು, ಅದರ ಕೆಳಗೆ ಬಿಸ್ಕತ್ತಿನಷ್ಟು ಅಗಲದ ಗಾಜಿನ ತುಣುಕು ಜೋಡಿಸಿದ್ದಳು. ತುಣುಕಿನೊಳಗೆ ಕೂದಲೆಳೆಯಂಥ ಕಾಲುವೆ, ಕಾಲುವೆಯ ತುಂಬ ಕಣ್ಣಿಗೆ ಕಾಣದ ಕಂಬಗಳ ಸಾಲು. ಕರೆಂಟಿಲ್ಲದ ಹಳ್ಳಿಯಲ್ಲೂ ರಕ್ತ ಪರೀಕ್ಷೆ ನಡೆಯಬೇಕೆಂಬುದು ಅವಳ ಹಟ.

“ಇದೇನು ತಂಗಿ?” ಗಯಾಬಾಯಿ ಕೇಳಿದಳು.

“ಇದೂ ಜರಡಿನೇ ಆಯಿ. ಒಂದು ಹನಿ ಬಿಟ್ರ ಸಾಕು, ರಕ್ತ ಬ್ಯಾರೆ ಬ್ಯಾರೆ ಮಾಡ್ತದ.”

ಮೊದಲು ಸಂಜು ಬೆರಳು ಕೊಟ್ಟ. ನಾನು ಬಗ್ಗಿ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟೆ. ಕೆಂಪನೆಯ ಕಣಗಳು ಕಂಬಗಳ ಸಂದಿನಲ್ಲಿ ನೆಟ್ಟಗೆ ಜಾರಿ ಹೋಗುತ್ತಿದ್ದವು. ದಪ್ಪನೆಯ ಬಿಳಿಯವು ಕಂಬದಿಂದ ಕಂಬಕ್ಕೆ ತಾಕುತ್ತ, ನಿದ್ದೆಗಣ್ಣಿನಲ್ಲಿ ನಡೆದವರ ಹಾಗೆ, ದಂಡೆಗೆ ಸರಿಯುತ್ತಿದ್ದವು. ಎಷ್ಟು ಹೊತ್ತು ನೋಡಿದೆನೋ. ತಲೆ ಎತ್ತಿದಾಗ ಅಂಗಳ, ರಾಶಿ, ಮನುಷ್ಯರು ಎಲ್ಲ ಮೆಲ್ಲಗೆ ತೇಲುತ್ತಿರುವಂತೆ ಕಂಡಿತು.

ಸಂಗಪ್ಪ ಬೆರಳು ಚಾಚಿದ. ಗಯಾಬಾಯಿಯ ಕೈಯಿಂದ ಜರಡಿ ಬಿತ್ತು.

“ಅವಂದು ಬ್ಯಾಡ!”

“ಯಾಕ ಆಯಿ? ಇರುವಿ ಕಡದಂಗ ಆಗ್ತದ, ಅಷ್ಟೇ.”

“ಬ್ಯಾಡಂದ್ರ ಬ್ಯಾಡ. ಒಂದೇ ಮನಿಯಾಗಿನ ರಕ್ತ ಯಾಕ ಬ್ಯಾರೆ ಮಾಡ್ತಿ? ನಾ ಏನು ಮಾಡೀನಿ ನಿಂಗ?”

ಹುಡುಗಿಗೆ ತಿಳಿಯಲಿಲ್ಲ. ನನಗೆ ತಿಳಿಯಿತು. ಸಂಗಪ್ಪ ಅವಳ ಹೊಟ್ಟೆಯಲ್ಲಿ ಹುಟ್ಟಿದವನಲ್ಲ. ಇದೇ ಅಂಗಳದಲ್ಲಿ ಅವಳ ಎದುರಿಗೆ ಕೂತು ಕಾಳು ಹಸನು ಮಾಡುತ್ತಿದ್ದ ಧೂಳಮ್ಮ ಹೆರಿಗೆಯಲ್ಲಿ ತೀರಿಕೊಂಡಳು. ಅವಳ ಕೂಸನ್ನು ಗಯಾಬಾಯಿ ಮೊರದಲ್ಲಿ ಮಲಗಿಸಿಕೊಂಡು ತನ್ನ ಮನೆಗೆ ಒಯ್ದಿದ್ದಳು. ಸಂಜು ಹುಟ್ಟಿದ್ದು ಆಮೇಲೆ. ಮೂವತ್ತೈದು ವರ್ಷ ಮಕ್ಕಳಿಗೆ ಹೇಳಿರಲಿಲ್ಲ. ತೊಗರಿಯಿಂದ ಹರಳು ಎತ್ತಿಟ್ಟಂತೆ ಆ ಗಾಜು ಇವನನ್ನು ಎತ್ತಿಡುತ್ತದೆ ಎಂದುಕೊಂಡಳು ಬಡಪಾಯಿ.

ಸಂಗಪ್ಪ ತಾಯಿಯ ಮುಖವನ್ನೇ ನೋಡಿದ. ಅವನಿಗೆ ಯಾವಾಗ, ಯಾರಿಂದ ಗೊತ್ತಾಗಿತ್ತೋ, ನಾನಂತೂ ಹೇಳಿದವನಲ್ಲ. ಕಟ್ಟೆಯ ಮೇಲೆ ಕೂತು ತಮ್ಮನನ್ನು ಕರೆದ.

“ಏ ಸಂಜ್ಯಾ, ಇನ್ನೊಂದು ಹನಿ ಕೊಡು. ತಂಗಿ, ಇಬ್ಬರದೂ ಕೂಡಿಸಿ ಹಾಕ್ರಿ. ಎಷ್ಟು ಶಾಣ್ಯಾ ಜರಡಿ ಅದ, ನೋಡಮು.”

“ನಿನ್ನ ರಕ್ತ ಭಾಳ ಬಿಸಿ ಅದ ಅಣ್ಣಾ. ಗಾಜು ಒಡೀತದ ನೋಡು,” ಎಂದ ಸಂಜು.

ಗಯಾಬಾಯಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಳು. ಸ್ನೇಹಲ್ ಎರಡೂ ಹನಿ ಒಂದೇ ನಳಿಗೆಯಲ್ಲಿ ಕಲಸಿ ಕಾಲುವೆಗೆ ಬಿಟ್ಟಳು. ಕಣ್ಣಿಟ್ಟಳು. ತೆಗೆದಳು. ಮತ್ತೆ ಇಟ್ಟಳು.

“ಗಂಟು ಕಟ್ಟಾಕತ್ತದ,” ಎಂದಳು ತನ್ನಷ್ಟಕ್ಕೆ. “ಒಂದಕ್ಕೊಂದು ಹಿಡಕೊಂಡು ನಿಂತಾವ. ಮುಂದ ಹೋಗವಲ್ಲವು.”

“ಬ್ಯಾರೆ ಆಗಲಿಲ್ಲೇನು?” ಗಯಾಬಾಯಿ ಕಟ್ಟೆಯ ಹತ್ತಿರ ಬಂದು ಕೇಳಿದಳು.

ಹುಡುಗಿ ಅವಳನ್ನು ನೋಡಿದಳು, ಆಮೇಲೆ ನನ್ನನ್ನು.

“ಇಲ್ಲ ಆಯಿ. ಬ್ಯಾರೆ ಆಗಲಿಲ್ಲ.”

ಗಯಾಬಾಯಿ ಜರಡಿ ಎತ್ತಿಕೊಂಡಳು. ಆ ಮಧ್ಯಾಹ್ನವೆಲ್ಲ ಅದರ ಸದ್ದು ತೊಟ್ಟಿಲು ತೂಗಿದ ಹಾಗಿತ್ತು. ನನಗೆ ಕೂತಲ್ಲೇ ಕಣ್ಣು ಎಳೆಯಿತು. ಸಂಜೆ ಮೂವರೂ ದುಬಲಗುಂಡಿ ಬಸ್ಸು ಹತ್ತಿ ಹೋದರು. ಸಾಯುವವರೆಗೂ ಅವಳದು ಒಂದೇ ಮಾತು, “ಮಶೀನಿಗೂ ನನ್ನ ಮಕ್ಕಳನ್ನ ಬ್ಯಾರೆ ಮಾಡಾಕ ಆಗಲಿಲ್ಲ.” ಈಗ ಸಂಗಪ್ಪನೇ ತನ್ನನ್ನು ಹೆತ್ತವಳು ಧೂಳಮ್ಮ ಎಂದು ಎಲ್ಲರೆದುರು ಹೇಳಿ, ಬೆನ್ನಿಗೇ ಈ ಕಥೆ ಹೇಳುತ್ತಾನೆ. ಇಲ್ಲಿಯವರೆಗಿನ ವಾಯ್ಸನ್ನು ಎಲ್ಲರಿಗೂ ಕಳಿಸಿ.

ಇದು ಎರಡನೆಯ ವಾಯ್ಸ್. ಬಸ್ಸು ಹೋದ ಮೇಲೆ ಮೊಮ್ಮಗಳನ್ನು ಕೇಳಿದೆ, “ರಕ್ತ ಹೆಪ್ಪುಗಟ್ಟಿತೇನು?”

“ಇಲ್ಲಜ್ಜಾ, ಹೆಪ್ಪುಗಟ್ಟಬಾರದಂತ ಔಷಧ ಹಾಕಿದ್ದೆ. ಅಣ್ಣಂದು ಒಂದು ರಕ್ತದ ಗುಂಪು, ತಮ್ಮಂದು ಇನ್ನೊಂದು. ಒಂದಕ್ಕೊಂದು ಒಗ್ಗದ ರಕ್ತ ಕೂಡಿದ್ರ ಹಂಗ ಗಂಟು ಕಟ್ತದ.”

“ಮತ್ತ ಆಯಿಗೆ ಸುಳ್ಳು ಹೇಳಿದಿ?”

“ಎಲ್ಲಿ ಸುಳ್ಳು? ಒಗ್ಗಲಿಲ್ಲ, ಖರೆ. ಬ್ಯಾರೆನೂ ಆಗಲಿಲ್ಲ, ಅದೂ ಖರೆ.”

ಇದನ್ನೂ ಬೇಕಾದವರಿಗೆ ಕಳಿಸಿ. ದುಬಲಗುಂಡಿಗೆ ಮಾತ್ರ ಬೇಡ. ಅದಕ್ಕೇ ಇಷ್ಟನ್ನು ಬೇರೆ ಮಾಡಿ ಹೇಳಿದ್ದೇನೆ.