ಅರವತ್ತು ವರ್ಷದ ಕಲ್ಲುಹೂವು

"ನೋಡ್ರಿ ಸಾಹೇಬ್ರ, ಕಲ್ಲು ತನ್ನ ವಯಸ್ಸು ತಾನೇ ಹೇಳ್ತೈತಿ," ಎಂದು ಮೈಲಾರಪ್ಪ ಬಾಂದುಕಲ್ಲಿನ ತಲೆ ಸವರಿದ. ಮೊಣಕಾಲೆತ್ತರ ನಿಂತಿದ್ದ ಕಲ್ಲಿನ ಮೈತುಂಬ ಬೂದು, ಹಸಿರು, ಕಿತ್ತಳೆ ಬಣ್ಣದ ಕಲ್ಲುಹೂವು. "ನಮ್ಮ ತಾತ ನೆಟ್ಟಿದ್ದು. ಅರವತ್ತು ವರ್ಷ ಆತು, ಅಲ್ಲಾಡಿಲ್ಲ."

ದೇಶನೂರಿನ ಆ ಎರಡು ಗದ್ದೆಗಳ ಗಡಿ ಯಾವುದೆಂದು ಹೇಳಬೇಕಿದ್ದ ನಕ್ಷೆಯನ್ನು ಗೆದ್ದಲು ತಿಂದು ಹದಿನೈದು ವರ್ಷವಾಗಿತ್ತು. ಗೆದ್ದಲಿಗೆ ನೋಟೀಸು ಕೊಡುವ ಕಾಯಿದೆ ಇರಲಿಲ್ಲ. ಹಾಗಾಗಿ ಹಳೆಯ ಕಲ್ಲು ಎಲ್ಲಿದೆಯೋ ಅಲ್ಲೇ ಗಡಿ. ಆ ಲೆಕ್ಕದಲ್ಲಿ ಪಕ್ಕದ ಮಾರೆಮ್ಮನ ಆರು ಮೊಳ ನೆಲ ಮೈಲಾರಪ್ಪನದಾಗುತ್ತಿತ್ತು. ಜೊತೆಗೆ ಅವಳ ಭತ್ತಕ್ಕೆ ಕಾಲುವೆ ನೀರು ಬಿಡುವ ತೂಬೂ. ತೂಬು ಹೋದರೆ ಅವಳಿಗೆ ಗದ್ದೆ ಇದ್ದೂ ಇಲ್ಲದ ಹಾಗೆ. ಹೋದ ವರ್ಷ ಈ ಕಲ್ಲು ಇಲ್ಲಿರಲಿಲ್ಲ ಎಂದು ಅವಳು ಆರು ಅರ್ಜಿ ಕೊಟ್ಟಿದ್ದಳು. ಊರಿನಲ್ಲಿ ಯಾರಿಗೂ ಅದು ನೆನಪಿರಲಿಲ್ಲ. ಮೈಲಾರಪ್ಪನ ಮನೆಯಲ್ಲಿ ಮೊನ್ನೆ ಉಂಡ ಹೋಳಿಗೆ ಮಾತ್ರ ಎಲ್ಲರಿಗೂ ನೆನಪಿತ್ತು.

ಸರ್ವೆಯರ್ ತಿಪ್ಪೇರುದ್ರಪ್ಪ ಬಳ್ಳಾರಿಯಲ್ಲಿ ಸಸ್ಯಶಾಸ್ತ್ರ ಓದಿದವನು. ಅದರ ಫಲವಾಗಿ ಹನ್ನೆರಡು ವರ್ಷದಿಂದ ಹೊಲಗದ್ದೆಗಳಲ್ಲಿ ಸರಪಳಿ ಹಿಡಿದು ಓಡಾಡುತ್ತಿದ್ದ. ಕಲ್ಲುಹೂವು ಕಂಡದ್ದೇ ಸರಪಳಿ ಬಿಟ್ಟು ಕುಕ್ಕರಗಾಲಲ್ಲಿ ಕೂತ.

"ಇದು ಹೂವಲ್ಲಪ. ಅಣಬಿ ಬಳಗದ್ದು ಒಂದು, ಪಾಚಿ ಒಂದು, ಎರಡೂ ಕೂಡಿ ಸಂಸಾರ ಮಾಡ್ತಾವ. ಅಣಬಿ ಮನಿ ಕಟ್ಟತೈತಿ, ಪಾಚಿ ಅಡಿಗಿ ಮಾಡತೈತಿ. ಅಂಗೈ ಅಗಲ ಬೆಳೀಬೇಕಂದ್ರ ಹತ್ತಾರು ವರ್ಷ ಬೇಕು."

"ಕೇಳಿದ್ಯಾ ಮಾರೆಮ್ಮಕ್ಕಾ?" ಮೈಲಾರಪ್ಪ ಮೀಸೆಯಲ್ಲೇ ನಕ್ಕ. "ಸೈನ್ಸೂ ನಮ್ಮ ತಾತನ ಕಡೀಗೇ ಐತಿ."

ಸರ್ವೆಯರ್ ಪೆನ್ನಿನ ಮುಚ್ಚಳ ತೆಗೆದ. ಆ ಪೆನ್ನು ಕಾಗದಕ್ಕೆ ತಾಗಿದರೆ ಮುಗಿಯಿತು. ಮಾರೆಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು.

"ಸಾಹೇಬ್ರ, ಆ ಪಾಚಿ ಅಡಿಗಿ ಮಾಡಾಕ ಒಲಿ ಎಲ್ಲೈತ್ರಿ?"

"ಬಿಸಿಲವ್ವ. ಬಿಸಿಲೇ ಅದರ ಒಲಿ. ಬಿಸಿಲಿಲ್ಲಂದ್ರ ಅಡಿಗೀನೂ ಇಲ್ಲ, ಸಂಸಾರಾನೂ ಇಲ್ಲ."

"ಹಂಗಾರ ಕಲ್ಲು ಕೀಳಸ್ರಿ. ಮಣ್ಣಾಗ ಹೂತಿದ್ದ ಕಡೀನೂ ಒಮ್ಮಿ ನೋಡೇಬಿಡಾಮು."

ಮೈಲಾರಪ್ಪನಿಗೆ ಥಟ್ಟನೆ ದೈವಭಕ್ತಿ ಬಂತು. "ಪೂಜಿ ಮಾಡಿ ನೆಟ್ಟ ಕಲ್ಲ್ರೀ ಅದು! ಕಿತ್ರ ಊರಿಗೇ ಕೇಡು!"

ಆದರೆ ತಾನು ಓದಿದ ವಿಷಯದ ಮೇಲೆ ಹನ್ನೆರಡು ವರ್ಷದಲ್ಲಿ ಬಂದ ಮೊದಲ ಪ್ರಶ್ನೆಯನ್ನು ತಿಪ್ಪೇರುದ್ರಪ್ಪ ಬಿಡುವವನಾಗಿರಲಿಲ್ಲ. ಆಳುಗಳನ್ನು ಕರೆದು ಹಾರೆ ಹಾಕಿಸಿದ. ಅರವತ್ತು ವರ್ಷ ಅಲ್ಲಾಡದ ಕಲ್ಲು ಎರಡೇ ಏಟಿಗೆ ಎದ್ದು ಬದುವಿನ ಮೇಲೆ ಮಲಗಿತು.

ಹತ್ತಿರದ ಕುರುಗೋಡಿನ ಗುಡ್ಡದಲ್ಲಿ ಕಲ್ಲಿಗೆ ಬರವಿಲ್ಲ. ಮೈಲಾರಪ್ಪ ಆರಿಸುವಾಗ ಜಿಪುಣತನವನ್ನೂ ಮಾಡಿರಲಿಲ್ಲ. ಮಾರೆಮ್ಮ ಬಗ್ಗಿ ಸೆರಗಿನಿಂದ ಕೆಸರು ಒರೆಸಿದಳು. ನೆತ್ತಿಯ ಮೇಲಿದ್ದ ಕಿತ್ತಳೆ ಬಣ್ಣದ ಹೂವು ಬುಡದ ತುದಿಯವರೆಗೂ ಅರಳಿಕೊಂಡಿತ್ತು.

"ನಿಮ್ಮ ತಾತ ಭಾಳ ದೊಡ್ಡ ಮನಷ್ಯಾ ಬಿಡಪ ಮೈಲಾರಪ್ಪ," ಅಂದಳು ಅವಳು. "ಅವನ ಕಾಲಕ್ಕ ನೆಲದ ಒಳಗೂ ಬಿಸಿಲು ಬೀಳ್ತಿತ್ತು ನೋಡು."