ಬಾವುಟದ ಕುಳಿ

ಅರಬ್ಬೀ ಸಮುದ್ರದಲ್ಲಿ ಹೊಸ ಖಂಡ ಎದ್ದಾಗಿನಿಂದ, ಯುರೋಪಿನ ಯಾವುದಾದರೊಂದು ಹಡಗು ತಿಂಗಳಿಗೊಮ್ಮೆ ಬಂದು ಅದನ್ನು ಕಂಡುಹಿಡಿಯುತ್ತಿತ್ತು. ಅಲ್ಲಿ ಮೊದಲೇ ನೆಲೆಸಿದ್ದ ಬೀರಮ್ಮ, ಬಂದವರು ಬಾವುಟ ನೆಡಲೆಂದು ಅಂಗಳದಲ್ಲೇ ಒಂದು ಕುಳಿ ತೋಡಿಟ್ಟಿದ್ದಳು.

“ಹೋದ ತಿಂಗಳಿನವ್ರೂ ಇದ್ರಲ್ಲೇ ನೆಟ್ರು,” ಎಂದು ತೋರಿಸಿದಳು.

ಈ ಸಲದ ಕಪ್ತಾನ ಒಪ್ಪದೆ, ಹಾರೆ ಹಿಡಿದು ಅಂಗಳದಾಚೆಯ ದಿಬ್ಬ ಹತ್ತಿದ.

“ಅಲ್ಲಿ ಅಗೀಬೇಡಿ ಮಾರಾಯ್ರೆ! ನನ್ನ ಕೂಸನ್ನ ಮಣ್ಣು ಮಾಡಿದ್ದು ಅಲ್ಲೇ.”

ಕಪ್ತಾನನ ಜೊತೆ ಬಂದಿದ್ದ ದುಭಾಷಿ ತಲೆ ತಗ್ಗಿಸಿದ. “ಹಡಗು ದೂರ ಹೋಗೋ ತನಕ ಬಾವುಟ ಕಾಣ್ಬೇಕಂತೆ, ಅಕ್ಕಾ.”

“ಕಾಣ್ಲಿ. ಕೊಡಿ ಇಲ್ಲಿ.”

ಅವಳೇ ಬಾವುಟದ ಕೋಲು ಹಿಡಿದು ದಿಬ್ಬದ ಮೇಲೆ ನಿಂತಳು. ಹಡಗಿನವರು ತಮ್ಮ ರಾಷ್ಟ್ರಗೀತೆ ಹಾಡಿದರು, ಹೊರಟರು. ಹಡಗು ಇನ್ನೂ ಮರೆಯಾಗಿರಲಿಲ್ಲ. ಅಳುವ ಕೂಸನ್ನು ಬದಲಿಸಿಕೊಳ್ಳುವಂತೆ ಅವಳು ಬಾವುಟವನ್ನು ಸೋತ ತೋಳಿನಿಂದ ಇನ್ನೊಂದು ತೋಳಿಗೆ ಬದಲಿಸಿಕೊಂಡಳು.